ಆಯಿಯ ಸೀರೆಗೆ ಹಾಸು ನಡೆದದ್ದು

ನಮ್ಮ ಮನೆಯಲ್ಲಿ ಎಲ್ಲರೂ ಕೂತೇ ದುಡಿಯುತ್ತಿದ್ದರು. ಅಪ್ಪ ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಮಗ್ಗದ ಮುಂದೆ ಕೂತರೆ ಮಧ್ಯಾಹ್ನದ ರೊಟ್ಟಿಗೇ ಮೇಲೇಳುವುದು. ಅವ್ವ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ರಾಟೆ ತಿರುವುತ್ತ, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲ ಬದಿಯ ಕಟ್ಟೆಯ ಮೇಲೆ ಕೂತು ಸಿಕ್ಕುಬಿದ್ದ ಎಳೆಗಳನ್ನು ಬಿಡಿಸುತ್ತಿದ್ದಳು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಯಾರು ಬಂದರು, ಯಾರು ಯಾರೊಡನೆ ಮಾತು ಬಿಟ್ಟರು ಎಂಬ ಲೆಕ್ಕಾಚಾರವೂ ಅಲ್ಲೇ ನಡೆಯುತ್ತಿತ್ತು. ಇಷ್ಟು ಜನ ಕೂತ ಮೇಲೆ ಓಡುವವರು ಒಬ್ಬರು ಬೇಕಲ್ಲ, ಅದು ನಾನು. ಒಬ್ಬಳೇ ಮಗಳು. ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಿಂದ ಲಡಿ ತರುವುದು, ಅಂಗಡಿಗೆ ಹೋಗುವುದು, ಎಷ್ಟೋ ದಿನಕ್ಕೊಮ್ಮೆ ನಳಕ್ಕೆ ನೀರು ಬಂದಾಗ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವುದು, ಎಲ್ಲವೂ ನನ್ನ ಪಾಲು. ನಡೆದು ಹೋಗಬಹುದಾದ ಕಡೆಗೂ ನಾನು ಓಡಿಯೇ ಹೋಗುತ್ತಿದ್ದೆ. ನನ್ನ ಹೆಸರು ಶಾರದಾ ಎಂಬುದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಓಣಿಗೆಲ್ಲ ನಾನು ಲಾಳಿ, ಮಗ್ಗದಲ್ಲಿ ಅತ್ತಿಂದಿತ್ತ ಓಡುವುದು ಅದೇ ಅಲ್ಲವೇ. ರೈಲು ಗೇಟಿನ ತನಕ ಓಡಿ ಬರುವ ಪಂಥದಲ್ಲಿ ಓಣಿಯ ಗಂಡುಹುಡುಗರು ನನ್ನೆದುರು ಸೋತು ಸೋತು ಬೇಸತ್ತು, ಕೊನೆಗೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಈ ಮಾತನ್ನು ನಾನು ಇವತ್ತಿಗೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ.

ಹದಿಮೂರು ತುಂಬುವ ಹೊತ್ತಿಗೆ ನಾನು ದೊಡ್ಡವಳಾದೆ. ಅವ್ವ ಸಂಭ್ರಮದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದರು, ಹೊಸ ಸೀರೆ ಉಡಿಸಿದರು, ಓಣಿಯ ಹೆಂಗಸರು ಸರತಿಯ ಮೇಲೆ ಬಂದು ಆರತಿ ಬೆಳಗಿ, ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ ಉಡಿಯಲ್ಲಿ ಹಾಕಿ ಹೋದರು. ಅಷ್ಟೂ ದಿನ ನಾನು ರಾಣಿ. ಆದರೆ ಆರತಿಯ ತಟ್ಟೆ ಒಳಗೆ ಹೋದ ಮೇಲೆ ಓಣಿಯೂ ನನ್ನ ಪಾಲಿಗೆ ಒಳಗೆ ಹೋಯಿತು. ಶಾಲೆಗೆ ಹೋಗಬೇಕು, ಶಾಲೆಯಿಂದ ಬರಬೇಕು. ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ, ಓಡುವುದಂತೂ ದೂರದ ಮಾತು. ನಾನು ಮೊದಲ ವಾರ ಅತ್ತೆ, ಎರಡನೆಯ ವಾರ ಊಟ ಬಿಟ್ಟೆ, ಮೂರನೆಯ ವಾರ ಹಿತ್ತಲ ಗೋಡೆ ಹತ್ತಿ ಜಿಗಿದು ಸಿಕ್ಕಿಬಿದ್ದೆ. ಅವ್ವನಿಗೆ ನನ್ನನ್ನು ಹೊಡೆಯುವ ಮನಸ್ಸಿರಲಿಲ್ಲ, ಕಟ್ಟಿಹಾಕುವ ಮನಸ್ಸೂ ಇರಲಿಲ್ಲ. ಅವಳು ಅಪ್ಪನ ಬೆನ್ನು ಹತ್ತಿ, ಹಟ ಹಿಡಿದು, ಒಂದು ಭಾನುವಾರ ಗದಗಿನ ಪೇಟೆಯಿಂದ ಕೈಗಾಡಿಯ ಮೇಲೆ ಟಿವಿ ತರಿಸಿದಳು. ನಮ್ಮ ಸಾಲಿನ ಹತ್ತು ಮನೆಗಳಲ್ಲಿ ಅದೇ ಮೊದಲ ಬಣ್ಣದ ಟಿವಿ. ನಡುಮನೆಯ ಗೂಡಿನಲ್ಲಿದ್ದ ದೇವರ ಫೋಟೋಗಳನ್ನು ಪಕ್ಕಕ್ಕೆ ಸರಿಸಿ ಅದನ್ನು ಕೂರಿಸಿದರು. ಮಗಳು ದೊಡ್ಡವಳಾದರೆ ಮನೆಯವರು ಚಿನ್ನ ಮಾಡಿಸುತ್ತಾರೆ, ನೀನೇನು ಟಿವಿ ತರಿಸಿದಿ ಎಂದು ಯಾರೋ ಚುಚ್ಚಿದಾಗ ಅವ್ವ ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ.

"ಹನ್ನೆರಡು ವರ್ಷದಾಕಿ ಇದ್ದಾಗಿಂದ ನಾ ಕುಂತು ರಾಟಿ ತಿರುವಾಕತ್ತೀನಿ. ನನ್ನ ಮಗಳರ ಕೈ ಖಾಲಿ ಇಟ್ಕೊಂಡು ಕುಂಡ್ರಲಿ."

ಅವ್ವ ನನಗೆ ಕೆಡುಕು ಮಾಡಿದಳೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಕೈಗೆ ಕೆಲಸವಿಲ್ಲದೆ ಕೂರುವುದು ಅವಳ ಪಾಲಿಗೆ ಸಿಗದೇ ಹೋದ ಸುಖ. ಅದನ್ನೇ ಮಗಳಿಗೆ ಕೊಟ್ಟಳು. ನಾನೂ ಕೈಚಾಚಿ ತೆಗೆದುಕೊಂಡೆ, ಸುಳ್ಳೇಕೆ ಹೇಳಲಿ. ಒಂದು ತಿಂಗಳಲ್ಲಿ ನನಗೆ ಓಣಿ ಮರೆತೇಹೋಯಿತು. ಶಾಲೆಯಿಂದ ಬಂದು ಪಾಟಿಚೀಲ ಎಸೆದು ಟಿವಿ ಮುಂದೆ ಕೂತರೆ ಮಲಗುವ ಹೊತ್ತಿಗೂ ಏಳುತ್ತಿರಲಿಲ್ಲ. ಅತ್ತೆ ಸೊಸೆಯರ ಧಾರಾವಾಹಿ, ಹಳೇ ಸಿನಿಮಾ, ಹಾಡು, ನನಗೆ ಒಂದಕ್ಷರ ತಿಳಿಯದ ಭಾಷೆಯ ಅಡುಗೆ ಕಾರ್ಯಕ್ರಮ, ಎಲ್ಲವನ್ನೂ ನೋಡಿದೆ. ಕರೆಂಟು ಹೋದರೆ ಜೀವ ಹೋದಂತೆ ಗೋಳಾಡಿದೆ. ಅಪ್ಪನ ಮಗ್ಗಕ್ಕೆ ಕರೆಂಟು ಬೇಕಿರಲಿಲ್ಲ; ಅದು ತನ್ನ ಪಾಡಿಗೆ ಬಡಿದುಕೊಳ್ಳುತ್ತಿದ್ದಾಗ ಆ ಸದ್ದಿನ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಕರೆಂಟು ಇದ್ದಾಗಲೂ ಅದರಿಂದ ಟಿವಿಯ ಮಾತು ಕೇಳಿಸುತ್ತಿರಲಿಲ್ಲವಲ್ಲ. ಅವ್ವ ಕೂತಲ್ಲಿಗೇ ಅಂಟಿನ ಉಂಡಿ ತಂದು ಕೊಡುತ್ತಿದ್ದಳು, ಸೊಂಟ ಗಟ್ಟಿಯಾಗುತ್ತದೆಂದು. ಉಂಡಿ ಮುಗಿದರೆ ಮಾದಲಿ, ಮಾದಲಿ ಮುಗಿದರೆ ತುಪ್ಪ ಸುರಿದ ಸಜ್ಜಕ. ನನ್ನ ಕೆನ್ನೆ ತುಂಬಿತು, ತೋಳು ತುಂಬಿತು, ಶಾಲೆಯ ಪೋಲಕದ ಹೊಲಿಗೆ ಎರಡು ಸಲ ಬಿಚ್ಚಿತು. ಹುಡುಗಿ ಮೈಗೆ ಹತ್ತಿಕೊಂಡಳು ಎಂದು ಓಣಿಯ ಹೆಂಗಸರು ಅವ್ವನನ್ನು ಹೊಗಳಿದರು, ಅವ್ವ ಸಂಜೆ ನನಗೆ ದೃಷ್ಟಿ ತೆಗೆದಳು.

ಮೈ ತುಂಬಿದ್ದು ಎಲ್ಲರಿಗೂ ಕಂಡಿತು, ಒಳಗೆ ಆಗಿದ್ದು ಯಾರಿಗೂ ಕಾಣಲಿಲ್ಲ. ಹಾಸಿಗೆಗೆ ಬಿದ್ದರೆ ನಿದ್ದೆ ಬಾರದು, ಮುಂಜಾನೆ ಎದ್ದರೆ ತಲೆ ಭಾರ. ತಿಂಗಳ ಮೂರು ದಿನ ಹೊಟ್ಟೆನೋವಿಗೆ ಹೊರಳಾಡುತ್ತಿದ್ದೆ. ಸುಮ್ಮನೆ ಸಿಟ್ಟು, ಸುಮ್ಮನೆ ಅಳು. ಒಂದು ದಿನ ನಳಕ್ಕೆ ನೀರು ಬಂದಾಗ, ಅವ್ವನಿಗೆ ಜ್ವರ ಇದ್ದುದರಿಂದ, ಆಯಿ ನನ್ನ ಕೈಗೆ ಕೊಡ ಕೊಟ್ಟಳು. ನಳದಿಂದ ನಮ್ಮ ಮನೆಗೆ ಎಷ್ಟು ದೂರ, ಆರು ಬಾಗಿಲು. ನಾಲ್ಕನೆಯ ಬಾಗಿಲಿಗೆ ನನ್ನ ಎದೆ ಬಡಿದುಕೊಂಡು ಕಣ್ಣು ಕತ್ತಲಾಯಿತು. ಕೊಡ ಇಳಿಸಿ ಬೇರೆಯವರ ಕಟ್ಟೆಯ ಮೇಲೆ ಕೂತೆ. ಆಯಿ ನಮ್ಮ ಕಟ್ಟೆಯಿಂದ ನನ್ನನ್ನೇ ನೋಡುತ್ತಿದ್ದಳು. ಓಣಿಯ ಸುದ್ದಿಯನ್ನೆಲ್ಲ ಬಾಯಿಬಿಡುವ ಆಯಿ ಆ ದಿನ ಯಾರ ಮುಂದೆಯೂ ಏನೂ ಹೇಳಲಿಲ್ಲ. ನನಗೆ ಆಗಿದ್ದು ನಾಚಿಕೆ ಅಲ್ಲ, ಭಯ. ಹತ್ತು ತಿಂಗಳ ಹಿಂದೆ ರೈಲು ಗೇಟಿನ ತನಕ ಓಡಿ ಬಂದು ಉಸಿರು ಸಹ ಎಳೆದುಕೊಳ್ಳದೆ ನಗುತ್ತಿದ್ದ ಹುಡುಗಿ ಎಲ್ಲಿ ಹೋದಳು ಎಂದು ಭಯ.

ಈಗ ನಾನು ನಾಗಾವಿಯ ಬದಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಮಗಳು ಮೊಬೈಲು ಬಿಟ್ಟು ಏಳುವುದಿಲ್ಲ, ನೀವಾದರೂ ನಾಲ್ಕು ಮಾತು ಹೇಳಿ ಎಂದು ತಾಯಂದಿರು ಬರುತ್ತಾರೆ. ಅವರಿಗೆ ನಾನು ಮೊಬೈಲು ಕಸಿದುಕೊಳ್ಳಿ ಎನ್ನುವುದಿಲ್ಲ. ಕಸಿದುಕೊಂಡ ಮೇಲೆ ಆ ಹುಡುಗಿ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೇನೆ. ಹೊರಗಿನ ಬಾಗಿಲು ಹಾಕಿ, ಒಳಗಿನ ಪರದೆ ಕಿತ್ತುಕೊಂಡರೆ ಗೋಡೆ ನೋಡುತ್ತ ಕೂರಬೇಕೇ? ಕೆಲವರಿಗೆ ನನ್ನ ಮಾತು ಹಿಡಿಸುವುದಿಲ್ಲ. ಹಿಡಿಸದಿದ್ದರೆ ಬಿಡಲಿ, ಈ ವಿಷಯದಲ್ಲಿ ನನಗೆ ಪುಸ್ತಕದವರಿಗಿಂತ ಹೆಚ್ಚು ಗೊತ್ತು.

ನಾನು ಕೊಡ ಇಳಿಸಿ ಕೂತ ಆ ವರ್ಷ ಗದಗು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ದೊಡ್ಡವರಿಗೆ ಅದು ಕಚೇರಿಗಳ ಸುದ್ದಿ. ನಮ್ಮ ಶಾಲೆಗೆ ಬಂದ ಸುದ್ದಿಯೇ ಬೇರೆ. ಅಲ್ಲಿಯ ತನಕ ಜಿಲ್ಲಾ ಮಟ್ಟದ ಓಟವೆಂದರೆ ಧಾರವಾಡಕ್ಕೆ ಹೋಗಬೇಕಿತ್ತು, ಯಾವ ತಾಯಿಯೂ ಮಗಳನ್ನು ಅಷ್ಟು ದೂರ ಕಳಿಸುತ್ತಿರಲಿಲ್ಲ. ಈಗ ಓಟ ನಮ್ಮ ಊರಲ್ಲೇ, ಹೋಗಿ ಸಂಜೆಗೆ ಮನೆಗೆ ಬರಬಹುದು. ನಮ್ಮ ಆಟದ ಟೀಚರ್ ಶಮೀಮ್ ಲಕ್ಷ್ಮೇಶ್ವರದ ಕಡೆಯವರು, ಸಣ್ಣ ಕಟ್ಟಿನ ಹೆಂಗಸು, ದೊಡ್ಡ ದನಿ. ನಾನು ಚಿಕ್ಕವಳಿದ್ದಾಗ ಓಡಿದ್ದನ್ನು ನೋಡಿದ್ದವರು. ಒಂದು ಮಧ್ಯಾಹ್ನ ನನ್ನನ್ನೂ ಮೈದಾನಕ್ಕೆ ಇಳಿಸಿದರು. ಅರ್ಧ ಸುತ್ತಿಗೆ ನಾನು ಮಂಡಿ ಹಿಡಿದುಕೊಂಡು ನಿಂತೆ. ಹುಡುಗಿಯರು ನಕ್ಕರು, ಟೀಚರ್ ನಗಲಿಲ್ಲ. ಆ ಸಂಜೆಯೇ ಮನೆಗೆ ಬಂದರು. ಅಪ್ಪ ಮಗ್ಗ ನಿಲ್ಲಿಸದೆ ನೇಯುತ್ತಿದ್ದ, ಅವ್ವ ಚಹಾ ಕೊಟ್ಟಳು. ಜಿಲ್ಲಾ ಓಟದ ಆಯ್ಕೆಗೆ ಇನ್ನೂ ಒಂದೂವರೆ ತಿಂಗಳಿದೆ, ದಿನಾ ಮುಂಜಾನೆ ಹುಡುಗಿಯನ್ನು ಕಳಿಸಿದರೆ ಮೊದಲಿನಂತೆ ಮಾಡುತ್ತೇನೆ ಎಂದು ಟೀಚರ್ ಹೇಳಿದರು. ದೊಡ್ಡವಳಾದ ಹುಡುಗಿ, ಚಡ್ಡಿ ಹಾಕಿಕೊಂಡು ನೂರು ಜನರ ಮುಂದೆ ಓಡಿದರೆ ನಾಳೆ ನೋಡಲು ಬರುವವರು ಏನೆನ್ನುತ್ತಾರೆ, ಹೊಟ್ಟೆಯೊಳಗಿನದು ಏನಾದರೂ ಜಾರಿದರೆ ಯಾರು ಹೊಣೆ ಎಂದು ಅವ್ವ ಕೇಳಿದಳು. ಟೀಚರ್ ಚಡ್ಡಿ ಬೇಡ, ಚೂಡಿದಾರ ಹಾಕಿಕೊಂಡೇ ಓಡಲಿ ಎಂದರು. ಒಳಗಿನದು ಜಾರುವುದಿಲ್ಲವೆಂದು ಆಣೆ ಮಾಡಿದರು. ಅವ್ವ ಒಪ್ಪಲಿಲ್ಲ. ಎದ್ದು ಹೋಗುವಾಗ ಟೀಚರ್ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು.

"ಅಕ್ಕಾರ, ನಿಮ್ಮ ಹುಡುಗಿಗೆ ಓಟ ಬ್ಯಾಡಂದ್ರ ಬ್ಯಾಡ ಬಿಡ್ರಿ. ಆದ್ರ ಉಸುರು ಬೇಕಲ್ಲರಿ?"

ಅಪ್ಪ ಆಗಲೂ ತಲೆ ಎತ್ತಲಿಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟು ಅವ್ವನ ಮೇಲೂ ಬಂದಿರಲಿಲ್ಲ. ಆ ರಾತ್ರಿ ಊಟದ ಹೊತ್ತಿಗೆ ಆಯಿಗೂ ಅವ್ವನಿಗೂ ಹತ್ತಿಕೊಂಡಿತು. ಹೊಟ್ಟೆಯಲ್ಲಿ ಮಗ ಇದ್ದಾಗಲೂ ತಾನು ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತಿದ್ದೆ, ಏನು ಜಾರಿ ಬಿತ್ತು ಎಂದು ಆಯಿ ಕೇಳಿದಳು. ಅದಕ್ಕೇ ಈಗ ನಿಮ್ಮ ಮಂಡಿ ಮಡಚಲು ಬಾರದಂತಾಗಿವೆ ಎಂದು ಅವ್ವ ತಿರುಗಿಸಿ ಕೊಟ್ಟಳು. ಆಯಿ ರೊಟ್ಟಿ ಮುರಿದು ಉಣ್ಣತೊಡಗಿದಳು. ನನಗಂತೂ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿ, ತಟ್ಟೆ ಬಿಟ್ಟು ಹೋಗಿ ಟಿವಿ ಹಚ್ಚಿದೆ.

ಎರಡು ದಿನ ಬಿಟ್ಟು ಆಯಿಗೆ ಸೀರೆಯ ಹುಚ್ಚು ಹಿಡಿಯಿತು. ತನಗೊಂದು ಹೊಸ ಸೀರೆ ಬೇಕು, ಅದು ಮಗನ ಕೈಯಿಂದಲೇ ಆಗಬೇಕು, ಅದರ ಹಾಸು ಮಾತ್ರ ಹಳೇ ಕಾಲದಂತೆ ಆಗಬೇಕು. ಮಗ್ಗದ ಉದ್ದಕ್ಕೆ ಕಟ್ಟುವ ಎಳೆಗಳಿಗೆ ನಮ್ಮಲ್ಲಿ ಹಾಸು ಎನ್ನುತ್ತಾರೆ. ಆಗ ಹಾಸು ಎಲ್ಲರ ಮನೆಗೂ ಡ್ರಮ್ಮಿನ ಮೇಲೆ ಸುತ್ತಿ ಸಿದ್ಧವಾಗಿ ಬರುತ್ತಿತ್ತು. ಆಯಿಯ ಹರೆಯದಲ್ಲಿ ಹಾಗಿರಲಿಲ್ಲ. ಓಣಿಯುದ್ದಕ್ಕೂ ಬಿದಿರಿನ ಕೋಲು ನೆಟ್ಟು, ಇಬ್ಬರು ಹೆಂಗಸರು ಕೈಯಲ್ಲಿ ನೂಲಿನ ಸಣ್ಣ ರಾಟೆ ಹಿಡಿದು, ಒಂದು ಕೋಲಿನ ಬಲಕ್ಕೆ ಮುಂದಿನ ಕೋಲಿನ ಎಡಕ್ಕೆ ಎಳೆ ಹಾಯಿಸುತ್ತ ನಡೆಯಬೇಕು. ತುದಿ ಮುಟ್ಟಿ ತಿರುಗಿದರೆ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ. ನೂರಾರು ಸಲ ಹೋಗಿ ಬಂದರೆ ಒಂದು ಹಾಸು. ಅದಕ್ಕೆ 'ಹಾಸು ನಡೆಯುವುದು' ಎಂದೇ ಹೆಸರು. ಈಗ ಅದನ್ನು ಯಾರು ನಡೆಯುತ್ತಾರೆ ಎಂದು ಅವ್ವ ಕೇಳಿದ್ದಕ್ಕೆ ಆಯಿ ಸಿಕ್ಕು ಬಿಡಿಸುತ್ತಲೇ ಉತ್ತರ ಕೊಟ್ಟಳು.

"ಇಕಿ ನಡೀತಾಳ. ನೇಕಾರರ ಮಗಳು ಹಾಸು ನಡದ್ರ ಯಾವ ಬೀಗರೂ ಹೆಸರಿಡೂದಿಲ್ಲ. ಇದು ಆಟಲ್ಲ, ಕೆಲಸ ಐತಿ."

ಕೆಲಸ ಕಲಿಯುವ ಮಗಳನ್ನು ತಡೆಯುವುದು ಹೇಗೆ ಎಂದು ಅವ್ವನಿಗೆ ತಿಳಿಯಲಿಲ್ಲ. ಎದುರಿನ ಬಣ್ಣದ ಮನೆಯ ಬೀಬಿಜಾನ್ ಕಾಕಿಯನ್ನು ಆಯಿ ಮೊದಲೇ ಒಪ್ಪಿಸಿ ಇಟ್ಟಿದ್ದಳು; ಎರಡನೆಯ ರಾಟೆ ಅವಳ ಕೈಗೆ. ಹೊಸಬಳ ಕೈ ಕೂರಲು ಒಂದು ತಿಂಗಳು ಬೇಕು, ಅಲ್ಲಿಯ ತನಕ ಕೆಲಸಕ್ಕೆ ಬಾರದ ಕಸರು ನೂಲಿನಲ್ಲಿ ರೂಢಿ ಮಾಡಲಿ ಎಂದೂ ಆಯಿಯೇ ಅಪ್ಪಣೆ ಕೊಟ್ಟಳು. ದಿನಾ ಸೂರ್ಯ ಹುಟ್ಟುವ ಮೊದಲು ಕೋಲು ನೆಡುವುದು, ಓಣಿಯಲ್ಲಿ ಸೈಕಲ್ಲು ಸುರುವಾಗುವ ಹೊತ್ತಿಗೆ ನೂಲು ಸುತ್ತಿ ಕೋಲು ಕೀಳುವುದು. ಮೊದಲ ದಿನ ಹತ್ತು ಸಲ ಹೋಗಿ ಬರುವಷ್ಟರಲ್ಲಿ ನನ್ನ ಕಾಲಿನ ಪಿಂಡಿಗಳು ಕಲ್ಲಾದವು. ಎರಡನೆಯ ದಿನ ಏಳಲಾರೆನೆಂದೆ, ಆಯಿ ಚಾದರ ಎಳೆದಳು. ಮೂರನೆಯ ದಿನ ಕೋಲುಗಳ ನಡುವೆಯೇ ಕೂತು ಅತ್ತೆ; ಕಾಕಿ ಅಳುವುದನ್ನು ಮುಗಿಸಿ ಬಾ ಎಂದು ತನ್ನ ಎಳೆ ಹಿಡಿದು ಮುಂದೆ ಹೋದಳು. ಹತ್ತನೆಯ ದಿನಕ್ಕೆ ಮೂವತ್ತು ಸಲ ಹೋಗಿ ಬಂದೆ. ಆಯಿ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದಳು: ಎಳೆ ಬಿಗಿಯಾಯಿತು, ಎಳೆ ಜೋತುಬಿತ್ತು, ನೆಲ ನೋಡಬೇಡ, ಎದೆ ಎತ್ತಿ ನಡೆ. ನನಗೆ ಹಸಿವೆ ಹೊಸದಾಗಿ ಬಂತು, ಬರೀ ರೊಟ್ಟಿ ಪುಂಡಿಪಲ್ಯ ರುಚಿಸಿತು. ಸಂಜೆ ಟಿವಿ ನೋಡುತ್ತಿದ್ದೆ, ಬಿಟ್ಟೆನೆಂದು ಯಾರಾದರೂ ತಿಳಿದರೆ ತಪ್ಪು. ಆದರೆ ಎರಡನೆಯ ಧಾರಾವಾಹಿಯ ನಡುವೆಯೇ ನಿದ್ದೆ ಬಂದು ಅಲ್ಲೇ ಉರುಳುತ್ತಿದ್ದೆ. ಆ ತಿಂಗಳು ಹೊಟ್ಟೆ ನೋಯಲಿಲ್ಲ. ನಾನು ಖುಷಿಯಾಗಿದ್ದೆ, ಖುಷಿ ಯಾಕೆಂದು ಯಾರಿಗೂ ಹೇಳದೆ.

ನಿಜವಾದ ಹಾಸು ನಡೆಯಲು ಅಮಾವಾಸ್ಯೆಯ ದಿನ ಗೊತ್ತಾಯಿತು. ಅಮಾವಾಸ್ಯೆ ದಿನ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ, ಓಡಾಟ ಕಡಿಮೆ. ಅಪ್ಪ ಏನೋ ಕೆಲಸದ ಮೇಲೆ ಮುಂಡರಗಿಗೆ ಹೋಗಿದ್ದ, ಅವ್ವ ಒಳಗೆ ಹೋಳಿಗೆಯ ಕೆಲಸದಲ್ಲಿದ್ದಳು. ಆಯ್ಕೆಗೆ ಉಳಿದದ್ದು ಒಂದೇ ವಾರ. ಶಮೀಮ್ ಟೀಚರ್ ನನ್ನ ಹೆಸರನ್ನು ಪಟ್ಟಿಯಲ್ಲಿ ಹಾಗೇ ಇಟ್ಟುಕೊಂಡಿದ್ದರು, ಶನಿವಾರ ಬಂದರೆ ಬಂದೆ, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತೇನೆ ಎಂದಿದ್ದರು. ಮುಂಜಾನೆಯಿಂದ ನಾನೂ ಕಾಕಿಯೂ ನಡೆದೆವು. ಹೊಳಪಿನ ನೂಲು, ಎಳೆ ಒಂದರ ಪಕ್ಕಕ್ಕೆ ಒಂದು ಸರಿಯಾಗಿ ಕೂರುತ್ತಿತ್ತು. ಮಧ್ಯಾಹ್ನ ಅರ್ಧಕ್ಕಿಂತ ಹೆಚ್ಚು ಮುಗಿದಾಗ ನನಗೆ ಒಂದು ಸಂಗತಿ ಗಮನಕ್ಕೆ ಬಂತು: ನಾನು ದಣಿದಿರಲಿಲ್ಲ. ಅಷ್ಟು ಹೋಗಿ ಬಂದರೂ ಎದೆಯೊಳಗೆ ಜಾಗ ಇನ್ನೂ ಉಳಿದಿತ್ತು. ಆಗ ನಾನು ಓಡಿದೆ. ಯಾಕೆ ಓಡಿದೆ ಎಂದು ಕೇಳಿದರೆ ಉತ್ತರ ಇಷ್ಟೇ, ಓಡಲು ಬಂತು ಅದಕ್ಕೆ. ರಾಟೆ ಕೈಯಲ್ಲಿ ಗಿರಗಿರ ತಿರುಗುತ್ತಿತ್ತು, ಕೋಲಿನ ಬಲಕ್ಕೆ, ಎಡಕ್ಕೆ, ಎಲ್ಲಿಯೂ ತಪ್ಪದೆ. ಕಾಕಿ ನಗುತ್ತ ತನ್ನ ಹೆಜ್ಜೆಯಲ್ಲೇ ನಡೆದಳು. ಓಡುತ್ತ ಎಳೆದ ನೂಲು ಬಿಗಿಯಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ತಿಂಗಳಿಡೀ ಅದನ್ನೇ ಕಲಿತಿದ್ದೆ. ಆಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಯಿ ಕಟ್ಟೆಯ ಮೇಲಿಂದ ನೋಡಿದಳು, ಬೈಯಲಿಲ್ಲ.

ಹಾಸಿನ ಎಳೆಗಳಿಗೆ ಗಂಜಿ ಹಚ್ಚಿ, ಒಣಗಿಸಿ, ಮಗ್ಗಕ್ಕೆ ಏರಿಸುವಷ್ಟರಲ್ಲಿ ಶುಕ್ರವಾರ ಬಂತು. ನಾನು ಶಾಲೆಯಿಂದ ಬಂದಾಗ ಮಗ್ಗ ನಿಂತಿತ್ತು. ಅಪ್ಪ ಕುಣಿಯಲ್ಲೇ ಕೂತು ಹರಿದ ಎಳೆಗಳನ್ನು ಗಂಟು ಹಾಕುತ್ತಿದ್ದ. ಒಂದಕ್ಕೆ ಗಂಟು ಹಾಕಿ ಮಗ್ಗದ ಹಲಗೆ ಬಡಿದರೆ ಪಕ್ಕದ್ದು ಹರಿಯುತ್ತಿತ್ತು. ಆಯಿ ಕಟ್ಟೆ ಬಿಟ್ಟು ಒಳಗೆ ಬಂದು ಗೋಡೆಗೆ ಆತುಕೊಂಡಿದ್ದಳು. ಅಪ್ಪ ನನ್ನನ್ನು ಹತ್ತಿರ ಕರೆದ. ಹಾಸಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಅಡ್ಡಕ್ಕೆ ಸರಿಸಿದ, ಒಂದು ಕಡೆ ಕೈ ನಿಲ್ಲಿಸಿದ.

"ಈ ಎಳಿ ಬೀಬಿಜಾನದು, ಇದು ನಿಂದು. ಇಲ್ಲಿತನಾ ಇಬ್ಬರೂ ನಡದೀರಿ. ಇಲ್ಲಿಂದ ಆಕಿ ನಡದಾಳ, ನೀ ಓಡೀದಿ."

ನಾನು ಹೌದೆಂದೆ. ಸುಳ್ಳು ಹೇಳುವಂತಿರಲಿಲ್ಲ, ಅವನ ಕೈಯಡಿಯಲ್ಲಿ ನಾನು ಓಡಿದ್ದೆಲ್ಲ ಎಳೆ ಎಳೆಯಾಗಿ ಬಿಗಿದುಕೊಂಡಿತ್ತು. ಅವ್ವ ಟಿವಿ ಮುಂದಿನಿಂದ ಎದ್ದು ಬಂದಳು. ಓಣಿಯಲ್ಲಿ, ನಡುಹಗಲಲ್ಲಿ, ಎಲ್ಲರೂ ನೋಡುವಂತೆ ಓಡಿದಳೇ ಎಂದು ಆಯಿಯ ಕಡೆ ತಿರುಗಿ ಕೇಳಿದಳು, ನೋಡುತ್ತ ಕೂತಿದ್ದಿರಲ್ಲ ಎಂದಳು. ಆಯಿಯ ಮುಖದಲ್ಲಿ ಯಾವತ್ತಿನ ಜೋರು ಇರಲಿಲ್ಲ. ಅವಳ ಸೀರೆಯ ಹಾಸು ಕೆಟ್ಟಿತ್ತು. ಇನ್ನೊಂದಕ್ಕೆ ನೂಲು ಮನೆಯಲ್ಲಿರಲಿಲ್ಲ.

"ಕಂಡಿತ್ತವಾ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಕೂಸಿನ ಮಾರಿ ಹಂಗ ನೋಡಿ ವರ್ಷಾಗಿತ್ತು."

ನನ್ನ ಕಣ್ಣು ಅಪ್ಪನ ಮೇಲಿತ್ತು. ಅವನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನು ಮೇಲೆ ಹಾಸು ನಡೆಯುವುದೂ ಬೇಡ, ಒಳಗೆ ಕೂತಿರು ಎಂದುಬಿಟ್ಟರೆ ನಾಳಿನ ಶನಿವಾರದ ಜೊತೆ ನನ್ನ ಮುಂಜಾನೆಗಳೂ ಹೋದಂತೆ. ಅದನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಅಪ್ಪ ಹರಿದ ಇನ್ನೊಂದು ಎಳೆ ಎತ್ತಿ, ಉಗುಳು ಹಚ್ಚಿ, ಗಂಟು ಹಾಕಿದ. ಆಮೇಲೆ ಎರಡೂ ಕೈ ಊರಿ ಕುಣಿಯಿಂದ ಮೇಲೆದ್ದು ಬಂದ. ಹಗಲು ಕೆಲಸದ ಹೊತ್ತಿನಲ್ಲಿ ಅವನು ಹಾಗೆ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಾಸಿನ ಮ್ಯಾಲೆ ಓಡಬ್ಯಾಡ," ಎಂದ. "ಓಡಾಕ ಮೈದಾನ ಐತಿ. ನಾಳೆ ನಾನ ಕರ್ಕೊಂಡು ಹೋಗ್ತೀನಿ."

ನಾನು ಅವ್ವನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಬೇಡ ಎನ್ನುತ್ತಾಳೆ, ಅಳುತ್ತಾಳೆ, ತವರಿಗೆ ಹೋಗುತ್ತೇನೆ ಎನ್ನುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಲು ತಿರುಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಖಾಲಿ ಹೊಟ್ಟೀಲೆ ಓಡಬ್ಯಾಡ," ಎಂದಳು. "ತಿಂದು ಹೋಗು."

ಮರುದಿನ ನನಗೆ ಎಚ್ಚರವಾದಾಗ ಇನ್ನೂ ಬೆಳಕು ಹರಿದಿರಲಿಲ್ಲ, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು.